ಚಿಲಕ

ಎಫಿ ಮೆಕ್‌ಲೀಶಳ ಕೊಟ್ಟಿಗೆಯಲ್ಲಿ, ಉಣ್ಣೆಮೂಟೆಗಳ ಹಿಂದೆ,
ಗೋಣಿ ಸುತ್ತಿಕೊಂಡು ನಿಂತಿತ್ತು.
"ಇಪ್ಪತ್ತೆರಡರದು," ಎಂದಳು. "ಅಂಚಿಗೆ ಬಡಿದರೆ ಸಿಡಿಯುವ ಜಾತಿ.
ಹೊಸದು ಬೇಕಿದ್ದರೆ ಅಲೆಕ್ಸಾಂಡ್ರಾ ಪೇಟೆಗೆ ಹೋಗು."

ಹೊಸದು ನನಗೂ ಗೊತ್ತು: ಪ್ಲಾಸ್ಟಿಕ್ ಹಿಡಿ, ಹತ್ತು ಗುಂಡಿನ ಹೊಟ್ಟೆ,
ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಬಾಯಿ.
ಇದಕ್ಕೆ ಒಂದೇ ತುತ್ತು.
ಚಿಲಕ ಎತ್ತು, ಹಿಂದಕ್ಕೆಳೆ,
ಕಿರುಬೆರಳ ತುದಿಯಷ್ಟು ಹಿತ್ತಾಳೆ ಉಣಿಸು,
ಮುಂದೂಡು, ಬಗ್ಗಿಸು:
ಅಡುಗೆಮನೆಯ ಬಾಗಿಲು ಹಾಕಿಕೊಂಡ ಸದ್ದು.
ಅಷ್ಟರಲ್ಲಿ ಮೊಲಕ್ಕೆ ಮನಸ್ಸು ಬದಲಿಸಲು ಹೊತ್ತಿದೆ,
ನಿನಗೂ.

ಹಿಡಿಯ ಮರ ವಾಲ್‌ನಟ್. ಅಗಸೆಯೆಣ್ಣೆ ಕುಡಿದು ಕುಡಿದು ಕಪ್ಪು.
ಕೊನೆಯ ಎರಡಂಗುಲ ಮಾತ್ರ ಬೇರೆ ಬಣ್ಣ; ನಡುವೆ ಗೆರೆ, ಎರಡು ತಿರುಪು.
"ಮುರಿದಿತ್ತೆ?"
"ಕೊಯ್ದದ್ದು. ಆಗ ನನಗೆ ಎಂಟು ವರ್ಷ, ತೋಳು ಗಿಡ್ಡ.
ಹದಿಮೂರಕ್ಕೆ ಅಪ್ಪ ಅದೇ ತುಂಡು ಹುಡುಕಿ ಮತ್ತೆ ಜೋಡಿಸಿದ.
ಐದು ವರ್ಷ ಮೊಳೆಡಬ್ಬಿಯಲ್ಲಿ ಬಿದ್ದಿತ್ತು.
ಆಮೇಲೆ ಎಷ್ಟು ಉಜ್ಜಿದರೂ ಬಣ್ಣ ಕೂಡಲಿಲ್ಲ."

ಬೆಳಗ್ಗೆ ಏಳು ಗುಂಡು ಎಣಿಸಿ ಕೊಡುತ್ತಿದ್ದನಂತೆ.
ಸಂಜೆ ಏಳು ಮೊಲ, ಇಲ್ಲವೇ ಉಳಿದ ಗುಂಡು.
ಎರಡೂ ಇಲ್ಲದ ದಿನ ಬೈಯುತ್ತಿರಲಿಲ್ಲ,
ಲೆಕ್ಕ ಕೇಳುತ್ತಿದ್ದ:
ಗಾಳಿ ಯಾವ ಕಡೆಗಿತ್ತು, ಉಸಿರು ಎಲ್ಲಿತ್ತು.

ಹೆಗಲಿಗಿಟ್ಟು ನೋಡಿದೆ.
ಎದುರು ಗುಡ್ಡದ ಮೇಲೆ ಕಾಡು ಥೈಮ್ ನೇರಳೆಯಾಗಿ ಹರಡಿತ್ತು.
ನನಗೆ ಒಂದಂಗುಲ ಸಾಲದು.
ಹೇಳಲಿಲ್ಲ. ಕತ್ತು ಸ್ವಲ್ಪ ಬಗ್ಗಿಸಿದೆ.

ಲೈಸೆನ್ಸು ನೋಡಿ, ದುಡ್ಡು ಎಣಿಸಿ, ಎಫಿ
ಚಿಲಕವನ್ನು ಒಮ್ಮೆ ಎತ್ತಿ ಹಾಕಿದಳು,
ಊರಿಗೆ ಹೊರಟವಳು ಬೀಗ ಬಿತ್ತೇ ಎಂದು
ಜಗ್ಗಿ ನೋಡುವ ಹಾಗೆ.