ಇಳಿಯುವ ಪೆಟ್ಟಿಗೆ

ಚಿಯಾತುರಾದ ಗಣಿಗುಡ್ಡಕ್ಕೆ ಹೋಗುವ ಕೇಬಲ್ ಕಾರಿನಲ್ಲಿ
ಬಾಗಿಲು ಹಾಕಿ ತೆಗೆಯುವ ಕೆಲಸ ನಾಝಿಬ್ರೋಲಾಳದು.
ಮೇಲಕ್ಕೆ ಆರು ನಿಮಿಷ, ಕೆಳಕ್ಕೆ ಆರು.
ನಡುವೆ ಸಿಕ್ಕ ಹೊತ್ತೆಲ್ಲ ಕಾದಂಬರಿಯದು.

ಟಿಕೆಟ್ ಪುಸ್ತಕದ ಬೆನ್ನಿಗೆ ಬರೆದದ್ದು ಮೊದಲ ಕರಡು.
ಅದರ ತುಂಬ ಮಂಜು. ಪುಟಕ್ಕೆ ಎರಡು ಸಲ ಮಂಜು.
ಎರಡನೆಯದರಲ್ಲಿ ಮಂಜು ತೆಗೆದಳು; ನೋಡಿದರೆ
ಹಿಂದೆ ಊರೇ ಇರಲಿಲ್ಲ.

ಮೂರನೆಯದರಲ್ಲಿ ಊರು ಕಟ್ಟಿದಳು: ರೊಟ್ಟಿಯಂಗಡಿ, ಸೇತುವೆ,
ಮ್ಯಾಂಗನೀಸ್ ಧೂಳಿಗೆ ಕಪ್ಪಾಗಿಯೇ ಒಣಗುವ ಬಿಳಿ ಅಂಗಿ,
ಮೂವತ್ತೊಂದು ಮಂದಿ ನೆಂಟರು, ಒಬ್ಬೊಬ್ಬರಿಗೂ ಬೇರೆ ಕೆಮ್ಮು.
ನಾಲ್ಕನೆಯದರಲ್ಲಿ ಹತ್ತೊಂಬತ್ತು ಮಂದಿಯನ್ನು ಹೊಡೆದುಹಾಕಿದಳು.
ಒಬ್ಬ ಚಿಕ್ಕಮ್ಮನ ಹತ್ತಿರ ಬಂದಾಗ ಮಾತ್ರ ಕೈ ಏಳಲಿಲ್ಲ,
ಎಲ್ಲಾದರೂ ಬದುಕಿಕೋ ಎಂದು ಮದುವೆ ಮಾಡಿಸಿ ಕಳಿಸಿದಳು.

ಐದನೆಯದು ಟಿಬಿಲಿಸಿಗೆ ಹೋಗಿ ಬಂತು,
ಜೊತೆಗೆ ಒಂದು ಸಾಲು: "ಚೆನ್ನಾಗಿದೆ, ಆದರೆ..."
ಮೂರು ಚುಕ್ಕಿ. ಎಣಿಸಿದಳು. ನಾಲ್ಕಿದ್ದಿದ್ದರೆ
ಏನಾದರೂ ತಿಳಿಯುತ್ತಿತ್ತೋ ಏನೋ.
ಆ "ಆದರೆ" ಚಳಿಗಾಲವಿಡೀ
ಕೋಟಿನ ಗೂಟಕ್ಕೆ ನೇತುಬಿದ್ದಿತ್ತು.

ಆರನೆಯದನ್ನು ಓದಿದವನು ಪಕ್ಕದ ಮನೆಯ ವಾಝಾ,
ಮುಚ್ಚಿಹೋದ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದವ,
ಕೆಂಪು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡೇ ಮಲಗುವ ಆಸಾಮಿ.
ಅಲ್ಪವಿರಾಮ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.
ಕೊನೆಯ ಪುಟ ಮಗುಚಿ, ಟೀ ಹೀರಿ, ಕೇಳಿದ:
"ನಿನ್ನ ಪುಸ್ತಕದಲ್ಲಿ ಮೇಲೆ ಹೋದವರು ಯಾರೂ
ಕೆಳಗೆ ಬರುವುದೇ ಇಲ್ಲವೇನಮ್ಮ?"

ಹದಿನೈದು ದಿನ ಅವನೊಡನೆ ಮಾತಿಲ್ಲ.
ಕತ್ತೆಗೇನು ಗೊತ್ತು ಕಸ್ತೂರಿ
ಎಂದು ಬಾಗಿಲಿಗೆ ಹೇಳಿದಳು, ಬ್ರೇಕಿಗೆ ಹೇಳಿದಳು,
ಕೋಳಿ ಹಿಡಿದು ಹತ್ತಿದ ಹೆಂಗಸಿಗೂ ಹೇಳಿದಳು.
ಕೋಳಿ ಕತ್ತು ಓರೆ ಮಾಡಿತು.

ಆಮೇಲೊಂದು ಬುಧವಾರ ಕರೆಂಟು ಹೋಯಿತು.
ಕಣಿವೆಯ ನಟ್ಟನಡುವೆ ನಿಂತಿತು ಪೆಟ್ಟಿಗೆ.
ಎದುರಿನದೂ ಪಕ್ಕಕ್ಕೇ ಬಂದು ನಿಂತಿತ್ತು,
ಕೈ ಚಾಚಿದರೆ ಸಿಗದಷ್ಟು ದೂರ, ಮುಖ ಕಾಣುವಷ್ಟು ಹತ್ತಿರ.
ರಾತ್ರಿ ಪಾಳಿ ಮುಗಿಸಿ ಇಳಿಯುತ್ತಿದ್ದವರು. ಕಿಟಕಿಯ ಬಳಿ ಒಬ್ಬಳು
ಬೂಟು ಕಳಚಿ ಒಳಗಿನ ಕಲ್ಲು ತಡಕುತ್ತಿದ್ದಳು.
ಸಿಕ್ಕಿತು. ಎಸೆಯಲಿಲ್ಲ.
ಕಿಸೆಗೆ ಹಾಕಿಕೊಂಡಳು.

ಇಪ್ಪತ್ತೆರಡು ವರ್ಷ ಈ ಹಗ್ಗದ ಮೇಲೆ ಓಡಾಡಿದವಳಿಗೆ
ಗೊತ್ತಿರದ ಸಂಗತಿಯೇ ಇದು?
ಒಂದು ಏರಬೇಕಾದರೆ ಇನ್ನೊಂದು ಇಳಿಯಬೇಕು,
ಇಳಿಯುವುದರ ಭಾರವೇ ಏರುವುದನ್ನು ಎಳೆಯುವುದು.
ಗೊತ್ತಿತ್ತು. ಬರೆದಿರಲಿಲ್ಲ.

ಆ ರಾತ್ರಿ ಹಳೆಯ ಕರಡನ್ನು ಹರಿಯಲಿಲ್ಲ, ಸುಡಲಿಲ್ಲ,
ಅಷ್ಟೆಲ್ಲ ನಾಟಕ ಅವಳಿಗೆ ಆಗದು.
ಮೊದಲ ಅಧ್ಯಾಯವನ್ನು ಮಡಿಸಿ ಮೇಜಿನ ಕುಂಟುಕಾಲಿಗೆ ಒತ್ತುಕೊಟ್ಟಳು.
ಮೇಜು ನೆಟ್ಟಗಾಯಿತು.
ಹೊಸ ಹಾಳೆಯಲ್ಲಿ, ಮೂಲೆಗಳೇ ಇಲ್ಲದ
ತನ್ನ ನುಡಿಯ ಗುಂಡು ಗುಂಡು ಅಕ್ಷರಗಳಲ್ಲಿ ಬರೆದಳು:
ಅವಳು ಇಳಿದು ಬಂದಳು.
ಹೊಡೆದುಹಾಕಿದಳು. ಬರೆದಳು:
ಬೂಟಿನಲ್ಲಿ ಕಲ್ಲಿತ್ತು.

ರಾತ್ರಿ ಹನ್ನೊಂದೂವರೆಗೆ ವಾಝಾನ ಕದ ತಟ್ಟಿ
ಹಾಳೆ ಮುಂದೆ ಹಿಡಿದಳು. ಆತ
ಕಿವಿಯ ಪೆನ್ಸಿಲ್ಲಿಗೆ ಕೈ ಹಾಕಿ, ಓದಿ, ಕೈ ಇಳಿಸಿದ.
"ಸರಿ ತಾಯಿ, ಮುಂದಕ್ಕೆ ಬರಿ. ಆದರೆ..."
"ಆದರೆ ಏನು?"
"ಬಾಗಿಲು ಹಾಕಿಕೊಂಡು ಹೋಗು. ಚಳಿ."