ಹದಿನೈದು ನೂರರ ಥಾನು

ಕೌಲ್ ಬಜಾರಿನ ಮಹಡಿಯಲ್ಲಿ, ಜೀನ್ಸ್ ಕತ್ತರಿಸುವ ಮೇಜಿನ ಮೇಲೆ
ಆ ಹಾಳೆ ಹಾಸಿಟ್ಟು ಒಂದು ತಾಸಾಯ್ತು.
"ದಿನಕ್ಕೆ ಹದಿನೈದು ನೂರು ಕ್ಯಾಲರಿ" ಎಂದು ಬರೆದು
ಅಡಿಗೆ ಎರಡು ಗೆರೆ ಎಳೆದಿದ್ದಾರೆ ಆಸ್ಪತ್ರೆಯ ಸಫೂರಾ ಮೇಡಂ.
ಉಳಿದದ್ದು ಖಾಲಿ.
"ನಾ ಬರದ್ರ ನೀವು ತಿನ್ನಂಗಿಲ್ಲ ಮಾಸ್ಟರ್,
ನೀವಽ ಬರಕೊಂಡು ಬರ್ರಿ."

ಇದೇನು ಹೊಸದೇ ನನಗೆ?
ಇಷ್ಟೇ ಬಟ್ಟೆ, ಇಷ್ಟು ಪ್ಯಾಂಟು.
ಒಂದರ ಕುಂಡಿಯ ಬಾಗನ್ನು ಇನ್ನೊಂದರ ಮೊಣಕಾಲ ಸಂದಿಗೆ ಕೂರಿಸಿ
ಇಪ್ಪತ್ತೆಂಟು ವರ್ಷ ಸಾಹುಕಾರನ ಥಾನು ಉಳಿಸಿದವನು.
ಮೂವತ್ತು, ಮೂವತ್ತೆರಡು, ಮೂವತ್ತನಾಕು,
ಊರಿನ ಸೊಂಟಗಳೆಲ್ಲ ನನ್ನ ಸೀಮೆಸುಣ್ಣದಡಿ ಹಾದುಹೋಗಿವೆ.
ನನ್ನದೀಗ ನಲವತ್ತೆರಡು.
ಆ ಸೈಜು ನಾವು ಕತ್ತರಿಸುವುದೇ ಇಲ್ಲ.

ದೊಡ್ಡ ತುಂಡು ಮೊದಲು, ಅದು ಕಸುಬಿನ ಕಟ್ಟಳೆ.
ಜೋಳದ ರೊಟ್ಟಿ, ಒಂದಕ್ಕೆ ನೂರಿಪ್ಪತ್ತು.
ಏಳು ತಿನ್ನುತ್ತಿದ್ದೆ. ನಾಲ್ಕು ಎಂದು ಬರೆದು
ಪೆನ್ನು ಕೆಳಗಿಟ್ಟೆ, ನೀರು ಕುಡಿದು ಬಂದೆ.
ಪುಂಡಿಪಲ್ಯ ಧಾರಾಳ. ಬೇಳೆ ಒಂದು ಬಟ್ಟಲು. ಮಜ್ಜಿಗೆ.
ಶೇಂಗಾ ಚಟ್ನಿಪುಡಿ ಮೋಸದ ತುಂಡು:
ನೋಡಲು ಗುಂಡಿಯಷ್ಟು, ತಿಂದರೆ ಜೇಬಿನಷ್ಟು.
ಒಂದು ಚಮಚ, ಅದೂ ಮಟ್ಟ; ಗೋಪುರ ಕಟ್ಟುವಂತಿಲ್ಲ.
ಆರು ಅರ್ಧ ಚಾ ಅಂದರೆ ಮೂರೇ ತಾನೆ ಎಂದಿದ್ದೆ;
ಮೇಡಂ ನಕ್ಕು, ಆರರ ಸಕ್ಕರೆಯನ್ನೂ ಎಣಿಸಿದ್ದರು.
ಮುಂಜಾನೆಯ ಒಗ್ಗರಣೆ ಹೇಗೋ ಕೂತಿತು.
ಮಿರ್ಚಿ ಮಾತ್ರ ಕೂರಲಿಲ್ಲ.
ಅಡ್ಡ ಇಟ್ಟೆ, ಓರೆ ಇಟ್ಟೆ,
ಎತ್ತ ತಿರುಗಿಸಿದರೂ ಬಾಲ ಬಟ್ಟೆಯಾಚೆ.
ಭಾನುವಾರಕ್ಕೆಂದು ಮಡಚಿಟ್ಟೆ.

ಕೂಡಿಸಿದರೆ ಹದಿನಾಲ್ಕು ನೂರಾ ಹತ್ತು.
ತೊಂಬತ್ತು ಹೊಲಿಗೆಗೆ ಬಿಟ್ಟ ಅಂಚು:
ಓವರ್‌ಲಾಕ್ ಮಿಷನ್ನಿನ ಹುಲಿಗೆಮ್ಮ
ಬುತ್ತಿ ಬಿಚ್ಚಿದಳೆಂದರೆ ಸಜ್ಜೆರೊಟ್ಟಿಯ ಮುರುಕೊಂದು
ಕೇಳದೆ ನನ್ನ ಅಂಗೈಗೆ ಬೀಳುತ್ತದೆ.
ಅದನ್ನು ಬೇಡ ಅನ್ನುವ ಗುರುತು
ನನ್ನ ಟೇಪಿನಲ್ಲಿಲ್ಲ.

ಎರಡು ತಿಂಗಳಿಗೆ
ಬೆಲ್ಟಿನ ಒಳಬದಿಗೆ ಹೊಸ ತೂತು ಕೊರೆದೆ.
ಎಲ್ಲರಿಗೂ ತೋರಿಸಿದೆ, ವಾಚ್‌ಮನ್ನನಿಗೂ.

ಆದರೆ ಕತ್ತರಿ ಹಿಡಿದವನಿಗೆ ಗೊತ್ತು,
ಕತ್ತರಿಸಿದ್ದು ಮಾಯವಾಗುವುದಿಲ್ಲ.
ಚೂರುಗಳನ್ನು ಸಂಜೆ ಗುಡಿಸಿ, ಚೀಲ ಹೊಲಿದು
ಕಿಲೋ ಲೆಕ್ಕದಲ್ಲಿ ಯಾರೋ ಒಯ್ಯುತ್ತಾರೆ.
ಒಂದು ರಾತ್ರಿ ಒಳಗೆ ರೊಟ್ಟಿ ತಟ್ಟುವ ಸಪ್ಪಳ ಎಣಿಸಿದೆ.
ಅಷ್ಟೇ ಇತ್ತು. ಮೊದಲಿನಷ್ಟೇ.
ಕೈಗೆ ರೂಢಿ, ಹಿಟ್ಟಿನ ಸೇರಿಗೂ ರೂಢಿ.
ಮುಂಜಾನೆ ಬುಟ್ಟಿ ಬರಿದು.

ಯಮುನಾಬಾಯಿ ಒಲೆಯ ಬದಿಗೆ ನಿಂತೇ ತಿನ್ನುತ್ತಾಳೆ,
ಎಲ್ಲರದೂ ಮುಗಿದ ಮೇಲೆ, ಬಾಗಿಲಿಗೆ ಬೆನ್ನು ಹಾಕಿ.
ನಾನು ಬಿಟ್ಟ ಮೂರು, ನಾನು ಹೆರೆದು ಹಾಕಿದ ಗೋಪುರದ ಚಟ್ನಿ,
ಬಟ್ಟಲ ತಳದ ಬೇಳೆ.
"ಚೆಲ್ಲಾಕ ಆಕ್ಕೈತೇನು?"
ಮೆಟ್ಟಿಲು ಹತ್ತುವಾಗ ಅವಳ ಮಂಡಿ ಕಟಕಟ ಅನ್ನುವುದು
ಬಹಳ ದಿನದಿಂದ ಕೇಳುತ್ತಿದ್ದೆ,
ಮನೆಯ ಹಳೇ ಬಾಗಿಲ ಸದ್ದಿನ ಹಾಗೆ.

ಟೇಪು ತಂದೆ.
"ಊರ ಮಂದೀದೆಲ್ಲ ತಗೊಂಡಿ,
ಇವತ್ತು ನಂದು ನೆನಪಾತೇನು?" ಅಂದಳು,
ಅಂದು ಉಸಿರು ಬಿಗಿಹಿಡಿದಳು, ಹೊಟ್ಟೆ ಒಳಗೆಳೆದು.
ಬಿಡು ಮಾರಾಯ್ತಿ, ಉಸಿರು ಬಿಡು.
ಸುಳ್ಳು ಅಳತೆಗೆ ಹೊಲಿದದ್ದು ಕೂತಾಗ ಹರಿಯುತ್ತದೆ.
ಎಷ್ಟು ಬಂತೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.
ಸೋಮವಾರ ಇಬ್ಬರೂ ಹೋಗೋಣ ಅಂದೆ,
ನಿನ್ನ ಥಾನು ಎಷ್ಟುದ್ದವೋ ಮೇಡಂ ಹೇಳಲಿ.

ಹಾಳೆ ಮಗುಚಿ ಹಿಂಬದಿಗೆ ಅವಳ ಹೆಸರು ಬರೆದೆ.
ಮೊದಲ ತುಂಡು ಯಾವುದು ಹಾಸೋಣ?
ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು
ಗೋಡೆ ಹಿಡಿದು ನನ್ನೆದುರು ಕೂತಳು,
ಸ್ವಲ್ಪ ಯೋಚಿಸಿದಳು.
"ಭಾನುವಾರದ ಆ ಮಿರ್ಚಿ ಐತಲ್ಲ,
ಅರ್ಧ ನಂದು ಅಂತ ಬರಿ. ಬಾಲದ ಕಡೇದು."