ಹಗ್ಗದ ಲೆಕ್ಕ

ಲಿಸ್ಬನ್ನಿನ ಜನ ಊರು ಬಿಡುತ್ತಾರೆಯೇ ಎಂದು
ಕಡತ ಹಿಡಿದ ಹುಡುಗಿಯೊಬ್ಬಳು ಕೇಳಿದಳು, ಬೇಸಿಗೆಯಲ್ಲಿ.
ನನ್ನನ್ನೇಕೆ? ಸಾಮಾನು ಇಳಿಸುವವನು ನಾನು.
ಈ ಗುಡ್ಡದ ಓಣಿಗಳಲ್ಲಿ ಮೆಟ್ಟಿಲು ಕಿರಿದು,
ಸೋಫಾ ತಿರುಗುವುದಿಲ್ಲ,
ಕಿಟಕಿಯಿಂದಲೇ ಇಳಿಯಬೇಕು, ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು.
ಮೊದಲೆಲ್ಲ ಒಂದು ಹಗ್ಗ ಆರು ವರ್ಷ ಬರುತ್ತಿತ್ತು.
ಹೋದ ವರ್ಷ ಎರಡು ಸವೆದವು.
ಬರೆದುಕೋ, ಅಂದೆ.

ದೆವೊಲಿಂದಾಳದು ನಾಲ್ಕನೆಯ ಮಹಡಿ.
ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ, ಇಪ್ಪತ್ತೆರಡು ವರ್ಷದಿಂದ.
ಬಾಡಿಗೆ ಅವಳ ಸಂಬಳವನ್ನು ದಾಟಿದ ತಿಂಗಳು
ನನಗೆ ಫೋನು ಬಂತು.
ಮೇಲಿನಿಂದ ನಾನು ಹಗ್ಗ ಸಡಿಲಿಸುತ್ತ ಹೋದೆ,
ಕೆಳಗೆ ಅವಳು ಎರಡೂ ಕೈ ಚಾಚಿ ನಿಂತಿದ್ದಳು,
ಗಾಳಿಯಲ್ಲಿ ತೂಗುವ ಫ್ರಿಜ್ಜು
ಹೆದರಿ ಅತ್ತುಬಿಡುತ್ತದೇನೋ ಎಂಬಂತೆ.

ಬೀರು ಮಾತ್ರ ಬರಲಿಲ್ಲ.
ತೀರಿಕೊಂಡ ಗಂಡ ಫೌಸ್ತಿನು
ಕೋಣೆಯೊಳಗೇ ಕೂತು ಮಾಡಿದ್ದಂತೆ.
ಕಿಟಕಿಗಿಂತ ಒಂದು ಗೇಣು ಹೆಚ್ಚು.
'ಅಳತೆ ತಪ್ಪಿದವನಲ್ಲ ಅವನು,' ಅಂದಳು,
'ಹೊರಗೊಯ್ಯುವ ದಿನ ಬರುತ್ತದೆಂದು ಎಣಿಸಿರಲಿಲ್ಲ, ಅಷ್ಟೇ.'

ಊರು ಹೋಗೆನ್ನುತ್ತಿತ್ತು.
ಹೊಳೆಯಾಚೆ ಯಾರೂ ಬಾ ಎನ್ನುತ್ತಿರಲಿಲ್ಲ.
ಬರೈರುವಿನಲ್ಲಿ, ಮುಚ್ಚಿದ ಕಾರ್ಖಾನೆಯ ಬೆನ್ನಿಗೆ
ಎರಡು ಕೋಣೆ. ಗೋಡೆ ಇನ್ನೂ ಹಸಿ.
ಮಂಚ ಜೋಡಿಸಿಕೊಟ್ಟೆ. ಕಾಫಿ ಕೊಟ್ಟಳು.
ಲೋಟ ಯಾವ ಪೆಟ್ಟಿಗೆಯಲ್ಲಿದೆಯೋ, ಮುಚ್ಚಳದಲ್ಲೇ ಕುಡಿದೆವು.

ಆದರೆ ಒಲೆ ಹೊತ್ತುವುದು ಮೂರು ಗಂಟೆಗೆ.
ಮೊದಲ ದೋಣಿ ಹೊರಡುವ ಹೊತ್ತಿಗೆ
ಊರಿನ ಬ್ರೆಡ್ಡು ಬೆಂದಿರಬೇಕು.
ಹಾಗಾಗಿ ವಾರಕ್ಕೆ ನಾಲ್ಕು ರಾತ್ರಿ
ಅವಳು ಬೇಕರಿಯಲ್ಲೇ, ಹಿಟ್ಟಿನ ಮೂಟೆಗಳ ಮೇಲೆ.
ಮಂಚ ಆಚೆ ದಡದಲ್ಲಿ,
ಬೆನ್ನು ಈಚೆ.

ನವೆಂಬರಿನಲ್ಲಿ ಅದೇ ಕಿಟಕಿಗೆ ಮತ್ತೆ ಹಗ್ಗ ಕಟ್ಟಿದೆ.
ಈ ಸಲ ಮೇಲಕ್ಕೆ: ಆರು ಮಂಚ, ಎಲ್ಲ ಬಿಳಿ,
ಮೂರು ರಾತ್ರಿಗೆಂದು ಬಂದುಹೋಗುವವರಿಗೆ.
ಬೀರು ಒಡೆಯಲೇ ಎಂದೆ.
ಬೇಡ, ಅಂದ ಮಾಲೀಕ. ಹಳೇ ಕಾಲದ್ದು,
ಫೋಟೋದಲ್ಲಿ ಚೆನ್ನಾಗಿ ಬರುತ್ತೆ.

'ಇದೆಯಾ?' ಅಂತ ಕೇಳಿದಳು ದೆವೊಲಿಂದಾ.
ಇದೆ, ಅಂದೆ.
ಅವಳ ಮುಷ್ಟಿ ಹಿಟ್ಟಿನೊಳಗೆ ಒಮ್ಮೆ ನಿಂತು,
ಮತ್ತೆ ನಾದತೊಡಗಿತು.

ನಿನ್ನೆ ಕಡತದ ಹುಡುಗಿಯ ಫೋನು.
ಬಿಟ್ಟವರೆಷ್ಟು, ಉಳಿದವರೆಷ್ಟು ಎನ್ನುತ್ತಾಳೆಂದುಕೊಂಡೆ.
ದೆವೊಲಿಂದಾಳನ್ನು ಯಾವ ಕಡೆ ಬರೆಸಲಿ ಎಂಬ ಯೋಚನೆಯಲ್ಲೇ ಇದ್ದೆ.
ಅವಳ ದನಿ ತಗ್ಗಿತ್ತು:
'ಮೂರನೇ ಮಹಡಿ. ಒಂದು ಮಂಚ, ಒಂದು ಮೇಜು,
ಪುಸ್ತಕದ ಪೆಟ್ಟಿಗೆ ಹನ್ನೊಂದು. ಎಷ್ಟಾಗುತ್ತೆ?'

ಕಿಟಕಿ ಎಷ್ಟು ಅಗಲ, ಕೇಳಿದೆ.